ಅಣ್ಣು ಕೋಟ್ಯಾನರ ಲ್ಯಾಪ್‌ಟಾಪ್ ಟ್ರಯಲ್

ಸಾಂತಾಕ್ರೂಜ್ ಪೂರ್ವದ ಹೋಟೆಲ್ ಸುಪ್ರಭಾತದ ಗಲ್ಲಾದಲ್ಲಿ ಇಪ್ಪತ್ತಾರು ವರ್ಷಗಳಿಂದ ಮ್ಯಾನೇಜರಾಗಿ ಕೂತಿರುವ ಅಣ್ಣು ಕೋಟ್ಯಾನರಿಗೆ ಬೀಪಿ ಇಲ್ಲ, ಶುಗರ್ ಇಲ್ಲ, ಮಂಡಿನೋವೂ ಇಲ್ಲ. ಇರುವುದು ಒಂದೇ ಕಾಯಿಲೆ. ಎದುರಿಗಿದ್ದವರು ಏನು ಹೇಳಲು ಬಾಯಿ ತೆರೆದರೂ, ಅವರು ಮುಗಿಸುವ ಮೊದಲೇ ಇವರು "ಗೊತ್ತುಂಟು, ಗೊತ್ತುಂಟು" ಅಂದುಬಿಡುತ್ತಾರೆ. ಒಮ್ಮೆ ಗಿರಾಕಿಯೊಬ್ಬ "ಇಲ್ಲಿ ಪಾಸ್‌ಪೋರ್ಟ್..." ಅನ್ನುವಷ್ಟರಲ್ಲಿ ಕೋಟ್ಯಾನರು ಅವನನ್ನು ಆಟೋ ಹತ್ತಿಸಿ, ಪಾಸ್‌ಪೋರ್ಟ್ ಆಫೀಸಿನ ದಾರಿಯನ್ನು ಆಟೋದವನಿಗೆ ತಾವೇ ವಿವರಿಸಿ ಕಳಿಸಿಕೊಟ್ಟರು. ಪಾಪ, ಆತ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸುವ ಅಂಗಡಿ ಎಲ್ಲಿದೆ ಎಂದು ಕೇಳಲು ಬಂದಿದ್ದ. ಅಂಗಡಿ ಹೋಟೆಲಿನ ಎದುರಿಗೇ ಇತ್ತು.

ಇಂಥ ಕೋಟ್ಯಾನರ ಮನೆಯಲ್ಲಿ, ವಾಕೋಲಾದ ಮೂರನೇ ಮಹಡಿಯಲ್ಲಿ, ಒಂದು ಸಂಜೆ ಅವರ ಒಬ್ಬಳೇ ಮಗಳು ಪ್ರಣೀತಾ ಮೊಬೈಲ್ ಕೆಳಗಿಟ್ಟು ಅಪ್ಪನ ಎದುರು ಬಂದು ಕೂತಳು. ಆಗ ತಾನೇ ಡಿಗ್ರಿ ಮುಗಿಸಿದ ಅವಳಿಗೆ ಅಂಧೇರಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸ ಸಿಕ್ಕಿತ್ತು. ಹತ್ತು ದಿನ ಕಳೆದು ಬರುವ ಸೋಮವಾರ ಸೇರಬೇಕು.

"ಪಪ್ಪಾ, ಲ್ಯಾಪ್‌ಟಾಪ್ ನಮ್ಮದೇ ತರ್ಬೇಕಂತೆ. ಅವರದ್ದೆಲ್ಲ ಲಿನಕ್ಸ್ ಮೇಲೆ ಕೆಲಸ. ಹರ್ ಏಕ್ ಲ್ಯಾಪ್‌ಟಾಪ್ ಮೇಲೆ ಅದು ಸರಿ ಓಡೋದಿಲ್ಲ. ಮೊದಲ ದಿನವೇ ಓಡ್ಬೇಕು ಅಂತ ಅಲ್ಲಿಯ ಬಾಸ್ ರಂಜನಾ ಮೇಡಂ ಹೇಳಿದ್ದಾರೆ. ಲಾಸ್ಟ್ ಟೈಮ್ ಒಬ್ಬ ಹುಡುಗ ತಂದ ಲ್ಯಾಪ್‌ಟಾಪ್ ಓಡ್ಲೇ ಇಲ್ಲ. ಅವನನ್ನು ಪ್ರೋಗ್ರಾಮ್ ಬರೆಯುವ ಡೆವ್ ಟೀಮಿಗೆ ಸೇರಿಸದೆ ಕಸ್ಟಮರ್ ಫೋನ್ ಎತ್ತುವ ಕಡೆ ಕೂರಿಸಿದ್ರು. ಇವತ್ತಿಗೂ ಅಲ್ಲೇ ಇದ್ದಾನೆ."

"ಗೊತ್ತುಂಟು, ಗೊತ್ತುಂಟು."

"ನಿಮಗೆ ಲಿನಕ್ಸ್ ಗೊತ್ತುಂಟಾ ಪಪ್ಪಾ?" ಪ್ರಣೀತಾಳ ಕಣ್ಣು ಅರಳಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮನುಷ್ಯನ ಬದುಕಿನಲ್ಲಿ ಹಿಂದೆ ಸರಿಯಲು ಸಿಗುವ ಅವಕಾಶಗಳು ಕಡಿಮೆ, ಸಿಕ್ಕಾಗ ಅವು ಸುಮಾರು ಎರಡು ಸೆಕೆಂಡ್ ಇರುತ್ತವೆ. ಆ ಹೊತ್ತಿಗೆ ಕೋಟ್ಯಾನರ ಅಂದಾಜಿನಲ್ಲಿ ಲಿನಕ್ಸ್ ಎಂದರೆ ಫ್ಯಾನಿನ ಕಂಪೆನಿಯೋ ಕೆಮ್ಮಿನ ಔಷಧವೋ ಇರಬೇಕಿತ್ತು. ಆದರೆ ಮಗಳು ಇಷ್ಟು ಮೆಚ್ಚುಗೆಯಿಂದ ಅವರನ್ನು ನೋಡಿ ಹನ್ನೊಂದು ವರ್ಷವಾಗಿತ್ತು. ಕೊನೆಯ ಸಲ ನೋಡಿದ್ದು ಜುಹೂ ಬೀಚಿನಲ್ಲಿ ಬಲೂನಿಗೆ ಗುರಿಯಿಟ್ಟು ಟೆಡ್ಡಿ ಗೆದ್ದುಕೊಟ್ಟಾಗ.

"ಇಪ್ಪತ್ತಾರು ವರ್ಷ ಗಲ್ಲಾದಲ್ಲಿ ಕೂತವನಿಗೆ ಲಿನಕ್ಸ್ ಗೊತ್ತಿಲ್ವಾ?" ಅಂದರು ಕೋಟ್ಯಾನರು. "ನೀನು ತಲೆಬಿಸಿ ಮಾಡ್ಬೇಡ. ನಾನೇ ಆರಿಸ್ತೇನೆ."

ಒಳಗಿನಿಂದ ಹೆಂಡತಿ ಶೀಲಾವತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಗಂಡನ ಮುಖ ನೋಡಿದರು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರು ಆ ಮುಖವನ್ನು ಚೆನ್ನಾಗಿ ಓದಲು ಕಲಿತಿದ್ದರು. ವಾಪಸ್ಸು ಒಲೆಯ ಹತ್ತಿರ ಹೋದರು.

ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ, ಊಟದ ಗದ್ದಲ ಮುಗಿದು ಚಹಾದ ಗದ್ದಲ ಶುರುವಾಗುವ ಮೊದಲು, ಕೋಟ್ಯಾನರು ಅಡುಗೆಮನೆ ಕಿಂಡಿಯ ಪಕ್ಕದ ಮೇಜಿನಲ್ಲಿ ಶರಣನ ಎದುರು ಕೂತರು. ಶರಣ ಕಲಬುರಗಿಯವನು, ಹತ್ತಿರದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಇಂಜಿನಿಯರು, ದಿನಕ್ಕೆ ಮೂರು ಸಲ ಫಿಲ್ಟರ್ ಕಾಫಿಗೆ ಬರುವ ಗಿರಾಕಿ. ಅವನ ಲ್ಯಾಪ್‌ಟಾಪಿನ ಬೆನ್ನ ಮೇಲೆ ಒಂದು ಪೆಂಗ್ವಿನ್ನಿನ ಚಿತ್ರ ಅಂಟಿಸಿತ್ತು. ಇಷ್ಟು ದಿನ ಕೋಟ್ಯಾನರು ಅದನ್ನು ಐಸ್‌ಕ್ರೀಮ್ ಕಂಪೆನಿಯ ಗುರುತು ಅಂದುಕೊಂಡಿದ್ದರು.

"ಶರಣಪ್ಪ, ಒಂದು ಗುಟ್ಟಿನ ಮಾತು," ಕೋಟ್ಯಾನರು ದನಿ ತಗ್ಗಿಸಿದರು. "ಲಿನಕ್ಸ್ ಅಂದ್ರೆ ಎಂತ? ನನಗೆ ಗೊತ್ತುಂಟು. ಆದ್ರೂ ನೀನು ಹೇಗೆ ಹೇಳ್ತಿ ನೋಡುವ ಅಂತ."

ಶರಣ ಕಾಫಿ ಬದಿಗಿಟ್ಟ. ಲಿನಕ್ಸ್ ಬಗ್ಗೆ ತಾನಾಗಿ ಬಂದು ಕೇಳುವ ಮನುಷ್ಯನಿಗಾಗಿ ಅವನು ಮುಂಬಯಿಯಲ್ಲಿ ಆರು ವರ್ಷದಿಂದ ಕಾಯುತ್ತಿದ್ದ.

"ನೋಡ್ರಿ ಅಣ್ಣಾರ, ಇದು ಲ್ಯಾಪ್‌ಟಾಪ್ ನಡಸೋ ಸಿಸ್ಟಮ್. ಇದಕ್ಕ ಮಾಲಕ ಅಂತ ಒಬ್ಬಾಂವ ಇಲ್ರಿ. ಜಗತ್ತಿನ ಮಂದಿ ಎಲ್ಲಾ ಕೂಡಿ ಬರದಾರ. ರೊಕ್ಕ ಕೊಡಬೇಕಾಗಿಲ್ಲ. ಒಳಗ ಏನದ ಅಂತ ಯಾರ ಬೇಕಾದ್ರೂ ತಗದು ನೋಡಬಹುದು, ಬದಲಿ ಮಾಡಬಹುದು, ಇನ್ನೊಬ್ಬರಿಗಿ ಕೊಡಬಹುದು. ಓಪನ್ ಸೋರ್ಸ್ ಅಂದ್ರ ಇದ ನೋಡ್ರಿ."

"ಮಾಲಕ ಇಲ್ವಾ?" ಕೋಟ್ಯಾನರಿಗೆ ಗಾಬರಿಯಾಯಿತು. ಸುಪ್ರಭಾತದ ಮಾಲೀಕ ದೇಜು ಶೆಟ್ಟರು ಪ್ರತಿ ಮಂಗಳವಾರ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸಾಂಬಾರ್ ಪುಡಿಯನ್ನು ತಾವೇ ಬೆರೆಸಿ, ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಬರುವವರು. "ಸಾಂಬಾರ್ ಪುಡಿಯ ಲೆಕ್ಕ ಗೋಡೆ ಮೇಲೆ ಬರೆದು ಹಾಕಿದ ಹಾಗಾಯ್ತಲ್ಲ ಮಾರಾಯ!" ಎಂದು ಅವರು ಉದ್ಗರಿಸಿದ್ದು ಸ್ವಲ್ಪ ಜೋರಾಯಿತು. ಕಿಂಡಿಯ ಆಚೆ ದೋಸೆ ಕಾವಲಿಗೆ ನೀರು ಚಿಮುಕಿಸುತ್ತಿದ್ದ ಐತನ ಕೈ ಅಲ್ಲೇ ನಿಂತಿತು.

ಶರಣ ಹೇಳುತ್ತ ಹೋದ, ಕೋಟ್ಯಾನರು ಆರ್ಡರ್ ಚೀಟಿಗಳ ಹಿಂಬದಿಯಲ್ಲಿ ಬರೆಯುತ್ತ ಹೋದರು. ಮೆಮೊರಿ ಹದಿನಾರು. ಕೀಲಿಗಳು ಗಟ್ಟಿ. ಬಿಸಿ ಆಗಬಾರದು. ಫ್ಯಾನು ಬೊಬ್ಬೆ ಹೊಡೆಯಬಾರದು. ವೈಫೈ ತಾನಾಗಿ ಬರಬೇಕು. ಮುಚ್ಚಳ ಮುಚ್ಚಿದರೆ ಮಲಗಬೇಕು, ತೆರೆದರೆ ಏಳಬೇಕು.

"ಏಳದೇ ಇರ್ತದಾ?"

"ಕೆಲವೊಂದು ಏಳಂಗಿಲ್ರಿ. ಅದಕ್ಕ ಅಂಗಡ್ಯಾಗಿನ ಮಂದಿ ಹೇಳೂದು ನಂಬಬ್ಯಾಡ್ರಿ. ನಾ ಒಂದು ಪೆನ್‌ಡ್ರೈವ್‌ನಾಗ ಲಿನಕ್ಸ್ ಹಾಕಿ ಕೊಡ್ತೀನಿ. ಯಾವ ಲ್ಯಾಪ್‌ಟಾಪಿಗಿ ಹಚ್ಚಿದ್ರೂ ಅದರಿಂದನ ಚಾಲೂ ಆಗ್ತದ, ಮಷಿನ್‌ನಾಗ ಏನೂ ಅಳಸಂಗಿಲ್ಲ. ಅಲ್ಲೇ ನಡಸಿ ನೋಡಿ, ಆಮ್ಯಾಲ ತಗೋರಿ."

ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಕೋಟ್ಯಾನರಿಗೆ ಒಂದು ಸಂಗತಿ ನಿಜವಾಗಿಯೂ ಅರ್ಥವಾಯಿತು. "ಟ್ರಯಲ್!" ಅಂದರು. ಸುಪ್ರಭಾತಕ್ಕೆ ಹೊಸ ಅಡುಗೆಯವನು ಬಂದರೆ ಅವನ ಊರು, ಅನುಭವ, ಹಿಂದಿನ ಹೋಟೆಲು ಯಾವುದನ್ನೂ ಕೇಳುವ ಪದ್ಧತಿಯಿಲ್ಲ. ಒಂದು ಸೌಟು ಹಿಟ್ಟು ಕೊಡುತ್ತಾರೆ. ದೋಸೆ ಕಾವಲಿಯಿಂದ ಏಳುವ ಬಗೆ ನೋಡಿ ಶೆಟ್ಟರು ಇಟ್ಟುಕೊಳ್ಳುತ್ತಾರೆ ಅಥವಾ ಚಹಾ ಕೊಟ್ಟು ಕಳಿಸುತ್ತಾರೆ. ಈ ವಿದ್ಯೆಯಲ್ಲಿ ಕೋಟ್ಯಾನರನ್ನು ಮೀರಿಸುವವರು ಪಶ್ಚಿಮ ರೈಲ್ವೆ ಲೈನಿನ ಹೋಟೆಲುಗಳಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಅವರು ದಿನಾ ಮೂರು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚೀಟಿಗಳನ್ನು ಜೇಬಿಗೆ ತುರುಕಿಕೊಂಡು, ಎಲ್ಲಿಗೆಂದು ಹೇಳದೆ ಹೊರಟುಬಿಡುತ್ತಿದ್ದರು. ಸಾಂತಾಕ್ರೂಜಿನ ಅಂಗಡಿಗಳಿಗೆ ಹೋಗುವಂತಿರಲಿಲ್ಲ, ಅಲ್ಲೆಲ್ಲ ಪರಿಚಯದವರು. ಲೋಕಲ್ ಹಿಡಿದು ಅಂಧೇರಿ, ಗೋರೆಗಾಂವ್, ಮಲಾಡ್ ಸುತ್ತಿ, ಐದಕ್ಕೆ ಬೆವರಿಕೊಂಡು ವಾಪಸ್ಸು ಬಂದು ಗಲ್ಲಾದಲ್ಲಿ ಕೂರುತ್ತಿದ್ದರು.

ಈಗ ಮುಂಬಯಿಯ ನಮ್ಮ ಹೋಟೆಲುಗಳ ಒಂದು ಬರೆದಿಡದ ಶಾಸ್ತ್ರವನ್ನು ಹೇಳಲೇಬೇಕು. ಇಲ್ಲಿನ ಪ್ರತಿಯೊಬ್ಬ ಮಾಲೀಕನೂ ಹಿಂದೆ ಇನ್ನೊಬ್ಬ ಮಾಲೀಕನ ಮ್ಯಾನೇಜರಾಗಿದ್ದವನು. ಅವನು ಬಿಟ್ಟುಹೋಗಿ ಸ್ವಂತ ಹೋಟೆಲು ತೆರೆಯುವ ಮೊದಲು ಮೂರು ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಮಧ್ಯಾಹ್ನ ಮೂರಕ್ಕೆ ಇಸ್ತ್ರಿ ಅಂಗಿ ಹಾಕಿ ಮಾಯವಾಗುವುದು. ಹೊರಗಿನವರೊಬ್ಬರ ಜತೆ ಮೂಲೆಯ ಮೇಜಿನಲ್ಲಿ ಪಿಸುಗುಡುವುದು. ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳುವುದು. ಮೂವತ್ತು ವರ್ಷದ ಕೆಳಗೆ ಮಾಟುಂಗಾದ ತಮ್ಮ ಮಾಲೀಕನನ್ನು ಬಿಡುವಾಗ ದೇಜು ಶೆಟ್ಟರೂ ಈ ಮೂರನ್ನೂ ಚಾಚೂ ತಪ್ಪದೆ ಮಾಡಿದ್ದರು. ಹಾಗಾಗಿ ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲು ಬಂದವನು ಐತ. ಒಂದು ಬೆಳಿಗ್ಗೆ ಗಲ್ಲಾದ ಪಕ್ಕ ಬಂದು ಕೈಕಟ್ಟಿ ನಿಂತ.

"ಕೋಟ್ಯಾನ್ರೇ, ನಿಮ್ಮ ವಿಷಯ ನನಗೆ ತಿಳೀತು."

ಕೋಟ್ಯಾನರು ಸುತ್ತ ನೋಡಿದರು. ತಮಗೆ ಲಿನಕ್ಸ್ ಬಾರದ ವಿಷಯ ಅಡುಗೆಮನೆಯ ತನಕ ಹಬ್ಬಿದೆಯೆಂದರೆ ಮಗಳ ಕಿವಿಗೆ ಬೀಳಲು ಎಷ್ಟು ಹೊತ್ತು? "ಗೊತ್ತುಂಟು, ಗೊತ್ತುಂಟು," ಅಂದರು. "ಯಾರ ಹತ್ರವೂ ಹೇಳ್ಬೇಡ."

"ಸತ್ತರೂ ಹೇಳುದಿಲ್ಲ. ಆದ್ರೆ ನನ್ನನ್ನು ಬಿಟ್ಟು ಹೋಗ್ಬೇಡಿ. ಹದಿನೆಂಟು ವರ್ಷ ನಿಮ್ಮ ಕೈಕೆಳಗೆ ಕಾವಲಿ ಮುಂದೆ ನಿಂತವ ನಾನು."

"ಆಯ್ತು ಮಾರಾಯ, ನೀನೂ ಬಾ. ಭಾನುವಾರ." ಲ್ಯಾಪ್‌ಟಾಪ್ ತರಲು ದೋಸೆಯವನೇಕೆ ಎಂದು ಅವರಿಗೆ ಹೊಳೆಯಲಿಲ್ಲವೆಂದಲ್ಲ. ಬಾಯಿ ಮುಚ್ಚಿಸಲು ಅದೇ ಸುಲಭದ ದಾರಿ ಅನಿಸಿತು. ಐತ ಕಣ್ಣೊರೆಸಿಕೊಂಡು ಹೋಗಿ, ಸತ್ತರೂ ಹೇಳದ ಆ ಗುಟ್ಟನ್ನು ಮಧ್ಯಾಹ್ನದೊಳಗೆ ಪಾತ್ರೆ ತೊಳೆಯುವವರ ತನಕ ಮುಟ್ಟಿಸಿದ.

ಗುಟ್ಟು ಮೀರಾ ರೋಡಿಗೂ ಮುಟ್ಟಿ, ಸಂಜೆ ಅಲ್ಲಿಂದ ಕೋಟ್ಯಾನರ ಹೆಂಡತಿಯ ತಮ್ಮ ಅಕ್ಷಯ ಮಿಠಾಯಿ ಡಬ್ಬಿಯೊಂದಿಗೆ ಮನೆಗೆ ಬಂದಿಳಿದ. ಮೂರು ವರ್ಷದಲ್ಲಿ ಗೌರಿ ಹಬ್ಬಕ್ಕೂ ಬಾರದವನು. ಕೋಟ್ಯಾನರು ಇನ್ನೂ ಹೋಟೆಲಿನಲ್ಲಿದ್ದರು.

"ಅಕ್ಕ, ಭಾವನ ಹೋಟೆಲಿಗೆ ಗಲ್ಲಾದಲ್ಲಿ ಕೂರ್ಲಿಕ್ಕೆ ಮನೆಯವರೇ ಆದ್ರೆ ಒಳ್ಳೇದಲ್ವಾ?"

"ಯಾವ ಹೋಟೆಲ್?" ಅಂದರು ಶೀಲಾವತಿ. "ಅವರು ಪ್ರಣೀತಾಳಿಗೆ ಲ್ಯಾಪ್‌ಟಾಪ್ ನೋಡ್ತಾ ಇದ್ದಾರೆ. ಭಾನುವಾರ ಹನ್ನೊಂದಕ್ಕೆ ಮಲಾಡಿಗೆ ಹೋಗಿ ತಗೊಳ್ಳುದು. ಸ್ಟೇಷನ್ ಹತ್ರದ ಮಾರ್ಕೆಟ್ ಗಲ್ಲಿಯಲ್ಲಂತೆ."

"ನನ್ನ ಹತ್ರವೂ ಮುಚ್ಚಿಡ್ತಿಯಾ ಅಕ್ಕ? ಲ್ಯಾಪ್‌ಟಾಪ್ ಬೇಕಾದ್ರೆ ಮೊಬೈಲಿನಲ್ಲಿ ಒತ್ತಿದ್ರೆ ಸಾಕು, ನಾಳೆ ಮನೆ ಬಾಗಿಲಿಗೆ ಬರ್ತದೆ. ಅದಕ್ಕೆ ಯಾರಾದ್ರೂ ಇಸ್ತ್ರಿ ಅಂಗಿ ಹಾಕಿ ವಾರಗಟ್ಲೆ ತಿರುಗ್ತಾರಾ?"

ಶೀಲಾವತಿ ದೇವರ ಮೇಲೆ ಆಣೆ ಹಾಕಿದರು. ಅಕ್ಕ ಆಣೆ ಹಾಕುವಷ್ಟು ದೊಡ್ಡ ಹೋಟೆಲೇ ಇರಬೇಕೆಂದು ಅಕ್ಷಯನಿಗೆ ಖಾತ್ರಿಯಾಯಿತು. ಮಲಾಡ್, ಭಾನುವಾರ, ಹನ್ನೊಂದು ಗಂಟೆ ಎಂಬುದನ್ನು ಮೊಬೈಲಿನಲ್ಲಿ ಬರೆದುಕೊಂಡು, ಸುಪ್ರಭಾತಕ್ಕೆ ಫೋನು ಮಾಡಿ ಐತನಿಗೆ ಹೇಳಿದ. ಐತ ಶೆಟ್ಟರಿಗೆ ಹೇಳಿದ.

ಇನ್ನು ದೇಜು ಶೆಟ್ಟರು. ಇಂಥ ವಿಷಯವನ್ನು ಮಾಲೀಕ ಬಾಯಿಬಿಟ್ಟು ಕೇಳುವ ಕ್ರಮವಿಲ್ಲ. ಕೇಳಿದರೆ ಮಾನ ಹೋಗುತ್ತದೆ. ಶುಕ್ರವಾರ ಅವರು ಮ್ಯಾನೇಜರನ್ನು ಒಳಕೋಣೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ತಾವೇ ಕಾಫಿ ತಂದುಕೊಟ್ಟರು. ಇಪ್ಪತ್ತಾರು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತವರೆಂದರೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರರು ಮಾತ್ರ.

"ಅಣ್ಣು," ಅಂದರು ಶೆಟ್ಟರು. "ನನಗೆ ಒಂದು ಮಾತು ಹೇಳ್ಬಹುದಿತ್ತು."

ಇವರಿಗೂ ತಿಳಿಯಿತೇ ಎಂದು ಕೋಟ್ಯಾನರು ಬೆವೆತರು. "ಗೊತ್ತುಂಟು ಶೆಟ್ರೇ, ಗೊತ್ತುಂಟು. ನಾಚಿಕೆ ಆಯ್ತು, ಹಾಗಾಗಿ ಹೇಳ್ಲಿಲ್ಲ."

"ನಾಚಿಕೆ ಎಂತಕ್ಕೆ? ಎಲ್ಲರಿಗೂ ಒಂದು ದಿನ ಬರ್ತದೆ. ನನಗೂ ಬಂದಿತ್ತು."

"ನಿಮಗೂ?" ದೇಜು ಶೆಟ್ಟರಿಗೂ ಲಿನಕ್ಸ್ ಬಾರದೆ ತೊಂದರೆಯಾಗಿತ್ತೆಂದು ಕೇಳಿ ಕೋಟ್ಯಾನರಿಗೆ ಬಹಳ ಸಮಾಧಾನವಾಯಿತು.

"ಹೂಂ. ಮತ್ತೆ... ಭಾನುವಾರವಾ?"

"ಭಾನುವಾರ ಎಲ್ಲ ತೀರ್ಮಾನ ಆಗ್ತದೆ ಶೆಟ್ರೇ. ಅಷ್ಟರ ತನಕ ಪ್ರಣೀತಾಳಿಗೆ ಗೊತ್ತಾಗ್ಬಾರದು."

ಮಗಳಿಗೂ ಹೇಳದೆ ಹೋಟೆಲು ತೆರೆಯುತ್ತಿರುವ ಈ ಗಟ್ಟಿ ಮನುಷ್ಯನನ್ನು ಶೆಟ್ಟರು ದಿಟ್ಟಿಸಿ ನೋಡಿದರು. ದುಃಖವೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ತಮ್ಮ ಕೈಯಲ್ಲಿ ಪಳಗಿದವನು ಹೊಸ ಹೋಟೆಲು ಹೂಡಿದರೆ, ಹೊಟ್ಟೆ ಎಷ್ಟೇ ಉರಿದರೂ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಮುಹೂರ್ತಕ್ಕೆ ಹೋಗುವುದು ಮಾಲೀಕನ ಧರ್ಮ. ಅವರು ಅಂದೇ ಶಾಲು ತರಿಸಿದರು.

ಭಾನುವಾರ ಹನ್ನೊಂದಕ್ಕೆ ಮಲಾಡಿನ ಆ ಗಲ್ಲಿಯ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಕೋಟ್ಯಾನರು ಮಗಳ ಜತೆ ನಿಂತಿದ್ದರು. ಐತನಿಗೆ ಬಾ ಅಂದದ್ದು ಅವರಿಗೆ ಮರೆತೇಹೋಗಿತ್ತು. ಅಂಗಡಿಯ ಸಚಿನ ಎಂಬ ಮರಾಠಿ ಯುವಕ ಬೆಳ್ಳಿ ಬಣ್ಣದ ತೆಳ್ಳಗಿನ ಲ್ಯಾಪ್‌ಟಾಪೊಂದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ, "ಅಂಕಲ್, ಏಕ್‌ದಮ್ ಟಾಪ್ ಮಾಡೆಲ್" ಅಂದ.

"ಗೊತ್ತುಂಟು," ಎಂದು ಕೋಟ್ಯಾನರು ಜೇಬಿನಿಂದ ಪೆನ್‌ಡ್ರೈವ್ ತೆಗೆದರು. "ಪೆಹಲೇ ಟ್ರಯಲ್."

"ಅಂಕಲ್, ಬಾಹರ್ ಕಾ ಪೆನ್‌ಡ್ರೈವ್ ನಹೀ ಲಗಾ ಸಕ್ತೆ." ಹೊರಗಿನದ್ದನ್ನು ಹಾಕುವಂತಿಲ್ಲವೆಂದು ಸಚಿನ ಅಡ್ಡಬಂದ.

"ತುಮ್ ದೋಸಾ ಬನಾನೇವಾಲಾ ರಖೇಗಾ ತೋ ಬಿನಾ ಟ್ರಯಲ್ ರಖೇಗಾ ಕ್ಯಾ?" ದೋಸೆಯವನನ್ನು ಟ್ರಯಲ್ ಇಲ್ಲದೆ ಯಾರು ಇಟ್ಟುಕೊಳ್ಳುತ್ತಾರೆ ಎಂಬುದು ಕೋಟ್ಯಾನರ ವಾದ.

"ಅಂಕಲ್, ಯಹಾ ದೋಸಾ ನಹೀ ಮಿಲ್ತಾ."

"ಮಾಲೂಮ್ ಹೈ! ಫಿರ್ ಭೀ ಟ್ರಯಲ್!"

ಪ್ರಣೀತಾ ಅಪ್ಪನ ತೋಳು ಹಿಡಿದು ಮೆಲ್ಲಗೆ ಎಳೆದಳು. ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಅಂಧೇರಿಯಲ್ಲಿ ಇರಬೇಕು, ಕೈಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಇಲ್ಲಿ ದೋಸೆಯ ಮಾತು ನಡೆಯುತ್ತಿದೆ. ಅವಳ ಮುಖ ಬಿಳುಚಿಕೊಂಡಿತ್ತು.

ಆಗ ಬಾಗಿಲು ತೆರೆದುಕೊಂಡಿತು. ಮುಂದೆ ಬಿಳಿ ಪಂಚೆಯುಟ್ಟ ದೇಜು ಶೆಟ್ಟರು, ಕೈಯಲ್ಲಿ ಮಾರುದ್ದದ ಸೇವಂತಿಗೆ ಹಾರ. ಹಿಂದೆ ಶಾಲು ಹಿಡಿದ ಅಕ್ಷಯ. ಅವನ ಹಿಂದೆ ಹಣ್ಣಿನ ಬುಟ್ಟಿ ಹೊತ್ತ ಐತ. ಭಾನುವಾರ ಬೆಳಗಿನ ಹೊತ್ತಿನಲ್ಲಿ ಸುಪ್ರಭಾತದ ಬಾಗಿಲಿಗೆ 'ಒಳಗೆ ಪೂಜೆ ಇದೆ' ಎಂಬ ಬೋರ್ಡು ತೂಗುಹಾಕಿ ಮೂವರೂ ಬಂದಿದ್ದರು. ಗಲ್ಲಿಯಲ್ಲಿ ಅರ್ಧ ಗಂಟೆ ಹೊಸ ಹೋಟೆಲು ಹುಡುಕಿ, ಸಿಗದೆ, ಕೊನೆಗೆ ಗಾಜಿನಾಚೆ ಕೋಟ್ಯಾನರನ್ನು ಕಂಡಿದ್ದರು.

"ಬಿಲ್ಲಿಂಗಿಗೆ ಕಂಪ್ಯೂಟರ್ ತಗೊಳ್ತಾ ಇದ್ದಾರೆ, ನಾನು ಹೇಳ್ಲಿಲ್ವಾ?" ಅಂದ ಅಕ್ಷಯ.

ಶೆಟ್ಟರು ನೇರ ಬಂದು ಹಾರವನ್ನು ಕೋಟ್ಯಾನರ ಕೊರಳಿಗೆ ಹಾಕಿದರು. ಅವರ ಕಣ್ಣಲ್ಲಿ ನೀರು. "ಒಳ್ಳೇದಾಗ್ಲಿ ಅಣ್ಣು. ಸ್ವಂತ ಹೋಟೆಲ್ ನಿನ್ನ ಕೈ ಹಿಡೀಲಿ. ಆದ್ರೆ ಸಾಂಬಾರ್ ಪುಡಿ ಮಾತ್ರ..." ಸಚಿನ ಯಾರೋ ದೊಡ್ಡ ರಾಜಕಾರಣಿ ತನ್ನ ಅಂಗಡಿಗೆ ಬಂದಿದ್ದಾರೆಂದು ತಿಳಿದು ಎಸಿ ಜಾಸ್ತಿ ಮಾಡಿದ.

"ಯಾವ ಹೋಟೆಲ್ ಶೆಟ್ರೇ? ಇದು ಮಗಳಿಗೆ!"

"ಮಗಳನ್ನು ಗಲ್ಲಾದಲ್ಲಿ ಕೂರಿಸ್ತಿಯಾ? ಕೂರಿಸು. ಕಲಿತ ಹುಡುಗಿ."

"ಭಾವ, ಹಾಗಾದ್ರೆ ನಾನು?" ಅಂದ ಅಕ್ಷಯ.

"ಅಯ್ಯೋ, ಹೋಟೆಲೇ ಇಲ್ಲ ಮಾರ್ರೇ! ಇವಳ ಕೆಲಸಕ್ಕೆ ಲ್ಯಾಪ್‌ಟಾಪ್ ಆರಿಸ್ಲಿಕ್ಕೆ ಬಂದದ್ದು. ಹತ್ತು ದಿನದಿಂದ ಅದೇ ನೋಡ್ತಾ ಇದ್ದೇನೆ."

ದೇಜು ಶೆಟ್ಟರು ನೋವಿನಿಂದ ತಲೆಯಾಡಿಸಿದರು. "ನನ್ನನ್ನು ಇಷ್ಟು ಹಗುರ ಮಾಡ್ಬೇಡ ಅಣ್ಣು. ಮಗಳಿಗೆ ಲ್ಯಾಪ್‌ಟಾಪ್ ತಗೊಳ್ಳುವವ ಕದ್ದುಮುಚ್ಚಿ ಯಾಕೆ ತಿರುಗ್ತಾನೆ? ಮೂಲೆಯಲ್ಲಿ ಕೂತು ಯಾಕೆ ಪಿಸುಪಿಸು ಮಾಡ್ತಾನೆ? ಹೇಳು."

ಕೋಟ್ಯಾನರು ಮಗಳ ಕಡೆ ನೋಡಿದರು. ಅವಳೂ ಅದನ್ನೇ ಕೇಳುವಂತೆ ನೋಡುತ್ತಿದ್ದಳು. ಸುಳ್ಳೊಂದು ಹೇಳಬಹುದಿತ್ತು, ಆದರೆ ಸೇವಂತಿಗೆ ಹಾರ ಕೊರಳಲ್ಲಿದ್ದಾಗ ಸುಳ್ಳು ಹೊಳೆಯುವುದು ಕಷ್ಟ.

"ಯಾಕೆಂದ್ರೆ... ನನಗೆ ಗೊತ್ತಿಲ್ಲ."

"ಎಂತ ಗೊತ್ತಿಲ್ಲ?"

"ಲಿನಕ್ಸ್ ಗೊತ್ತಿಲ್ಲ. ಲ್ಯಾಪ್‌ಟಾಪ್ ಗೊತ್ತಿಲ್ಲ. ಗೊತ್ತುಂಟು ಅಂತ ಇವಳ ಹತ್ರ ಹೇಳಿಬಿಟ್ಟಿದ್ದೆ." ಕೋಟ್ಯಾನರು ಕೊರಳ ಹಾರ ಸರಿಸಿಕೊಂಡರು. "ಒಬ್ಬಳೇ ಮಗಳು ಶೆಟ್ರೇ. ನಾನು ಕಲಿತದ್ದು ಏಳನೇ ಕ್ಲಾಸು. ಅವಳು ಆ ರೀತಿ ನೋಡುವಾಗ ಗೊತ್ತಿಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಅದಕ್ಕೆ ಆ ಶರಣನ ಹತ್ರ ಗುಟ್ಟಿನಲ್ಲಿ ಕೇಳಿ ಕೇಳಿ ಬರ್ಕೊಂಡೆ." ಜೇಬಿನಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಹಾಕಿದರು.

ದೇಜು ಶೆಟ್ಟರು ಚೀಟಿಗಳನ್ನು ಮುಟ್ಟಲೂ ಇಲ್ಲ. ಅವರಿಗೆ ಪುರಾವೆ ಬೇಕಾಗಿರಲಿಲ್ಲ. ಅಣ್ಣು ಕೋಟ್ಯಾನ್ ಹತ್ತು ಹೋಟೆಲುಗಳನ್ನು ಮುಚ್ಚಿಡಲಿಕ್ಕಾದರೂ 'ಗೊತ್ತಿಲ್ಲ' ಎಂಬ ಮಾತನ್ನು ಬಾಯಿಂದ ತೆಗೆಯುವವನಲ್ಲ. ಆದ್ದರಿಂದ ಅವನು ಹೇಳುತ್ತಿರುವುದು ಸತ್ಯ.

"ಪಪ್ಪಾ," ಅಂದಳು ಪ್ರಣೀತಾ. ಅವಳ ಕೆನ್ನೆ ಒದ್ದೆಯಾಗಿತ್ತು. "ನಂಗೂ ಗೊತ್ತಿಲ್ಲ."

"ಆಂ?"

"ಇಂಟರ್‌ವ್ಯೂನಲ್ಲಿ ಲಿನಕ್ಸ್ ಆತಾ ಹೈ ಕ್ಯಾ ಅಂತ ಕೇಳಿದ್ರು. ನಾನು ಹಾಂ ಅಂದೆ. ಕಾಲೇಜಿನ ಲ್ಯಾಬ್‌ನಲ್ಲಿ ಯಾರೋ ಹಾಕಿಟ್ಟದ್ರಲ್ಲಿ ಪ್ರೋಗ್ರಾಮ್ ಬರ್ದಿದ್ದೇನೆ, ಅಷ್ಟೇ. ಯಾವ ಲ್ಯಾಪ್‌ಟಾಪ್ ಬೇಕು ಅಂತ ನಂಗೆ ಏನೂ ಗೊತ್ತಿಲ್ಲ. ನೀವು ಗೊತ್ತುಂಟು ಅಂದ್ರಲ್ಲ, ಬಚ್ ಗಯೀ, ಬದುಕಿದೆ ಅಂದ್ಕೊಂಡೆ. ರಂಜನಾ ಮೇಡಂಗೂ ಹೇಳಿದೆ, ನಮ್ಮ ಪಪ್ಪಾ ಲಿನಕ್ಸ್ ಎಕ್ಸ್‌ಪರ್ಟ್ ಅಂತ."

ಕಾಯಿಲೆ ರಕ್ತದಲ್ಲೇ ಇದೆಯೆಂದು ಕೋಟ್ಯಾನರಿಗೆ ಆಗ ತಿಳಿಯಿತು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ನಾಳೆ ಸೋಮವಾರ, ಇಬ್ಬರಿಗೂ ಏನೂ ಗೊತ್ತಿಲ್ಲ, ಉಳಿದಿರುವುದು ಬೆರಳುದ್ದದ ಒಂದು ಪೆನ್‌ಡ್ರೈವ್.

ಆ ಹೊತ್ತಿನಲ್ಲಿ ಪರಿಸ್ಥಿತಿಯನ್ನು ಕೈಗೆತ್ತಿಕೊಂಡವರು ದೇಜು ಶೆಟ್ಟರು. ಮ್ಯಾನೇಜರು ಕೈತಪ್ಪಿ ಹೋಗುತ್ತಿಲ್ಲವೆಂಬ ಸಂತೋಷದಲ್ಲಿ ಅವರ ಶಕ್ತಿ ಇಮ್ಮಡಿಯಾಗಿತ್ತು. "ಕ್ಯಾ ಸಮಸ್ಯಾ ಹೈ?" ಎಂದು ಸಚಿನನ ಕಡೆ ತಿರುಗಿದರು. "ಟ್ರಯಲ್ ನಹೀ ದೇತಾ? ಐತ, ಬುಟ್ಟಿ ಕೆಳಗಿಡು. ಅಕ್ಷಯ, ಸ್ಟೂಲ್ ಎಳಿ. ಟ್ರಯಲ್ ಕೊಡುವ ತನಕ ಇಲ್ಲೇ ಕೂರುವ."

ಭಾನುವಾರದ ಗಿರಾಕಿಗಳು ಬಾಗಿಲ ತನಕ ಬಂದು, ಒಳಗಿನ ಹಾರ ಬುಟ್ಟಿಗಳನ್ನು ನೋಡಿ, ಒಳಗೆ ಯಾವುದೋ ಶಾಸ್ತ್ರ ನಡೆಯುತ್ತಿದೆಯೆಂದು ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ವಾಪಸ್ಸು ಹೋಗತೊಡಗಿದರು. ಮೂರನೇ ಗಿರಾಕಿ ಹಿಂದಿರುಗಿದಾಗ ಸಚಿನ ಕೈಮುಗಿದ. "ಲಗಾವೋ ಅಂಕಲ್, ಜೋ ಲಗಾನಾ ಹೈ ಲಗಾವೋ."

ಟ್ರಯಲ್ ಶುರುವಾಯಿತು. ಬೆಳ್ಳಿ ಬಣ್ಣದ ಸುಂದರಿಗೆ ಪ್ರಣೀತಾ ಪೆನ್‌ಡ್ರೈವ್ ಚುಚ್ಚಿದಳು. ಪರದೆ ಬೆಳಗಿತು, ವೈಫೈ ಮಾತ್ರ ಹುಡುಕಿದರೂ ಇಲ್ಲ. "ಬಾಯಿ ಜೋರು, ಕೈಯಲ್ಲಿ ಕೆಲಸ ಇಲ್ಲ. ಬೇಡ," ಅಂದರು ಕೋಟ್ಯಾನರು. ಎರಡನೆಯದು ಕೀಲಿಗಳಲ್ಲೆಲ್ಲ ಕೆಂಪು ದೀಪ ಮಿನುಗುವ ದಪ್ಪ ಯಂತ್ರ. ಫ್ಯಾನು ಗ್ರೈಂಡರಿನಂತೆ ಅರಚಿತು, ಐದು ನಿಮಿಷಕ್ಕೆ ಐತ ಅದರ ತಳ ಮುಟ್ಟಿ ನೋಡಿ, "ಇದರ ಮೇಲೆ ನೀರ್‌ದೋಸೆ ಆಗ್ತದೆ," ಎಂದು ತಜ್ಞನ ಅಭಿಪ್ರಾಯ ಕೊಟ್ಟ. ಮೂರನೆಯದು ಮೂಲೆಯಲ್ಲಿತ್ತು. ಕಪ್ಪಗೆ, ದಪ್ಪಗೆ, ಆಫೀಸಿನವರು ತೆಗೆದುಕೊಳ್ಳುವಂಥದ್ದು. ಸಚಿನ ಅದನ್ನು ತೋರಿಸಿಯೇ ಇರಲಿಲ್ಲ, ಅದರಲ್ಲಿ ಅವನಿಗೆ ಕಮಿಷನ್ ಕಡಿಮೆ.

ವೈಫೈ ತಾನಾಗಿ ಬಂತು. ಶಬ್ದ ಬಂತು. ಬಿಸಿಯಿಲ್ಲ, ಬೊಬ್ಬೆಯಿಲ್ಲ. ಮೆಮೊರಿ ಹದಿನಾರು. ಎಲ್ಲರೂ ಹಿಗ್ಗಿದರು. ಆದರೆ ಕೋಟ್ಯಾನರು ಕೈಯೆತ್ತಿ ತಡೆದರು. "ನಿಲ್ಲಿ. ಮುಚ್ಚಳ ಮುಚ್ಚು ಮಗಾ. ಮಧ್ಯಾಹ್ನ ಮಲಗಿದವ ಮೂರು ಗಂಟೆಗೆ ಚಹಾಕ್ಕೆ ಏಳ್ತಾನಾ ಇಲ್ವಾ ನೋಡ್ಬೇಕು."

ಹತ್ತು ನಿಮಿಷ ಮುಚ್ಚಿಟ್ಟರು. ಅಷ್ಟು ಹೊತ್ತು ಆರು ಜನ ಒಂದು ಮುಚ್ಚಿದ ಲ್ಯಾಪ್‌ಟಾಪಿನ ಸುತ್ತ ನಿಂತಿದ್ದರು. ಪ್ರಣೀತಾ ತೆರೆದಳು. ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಎದ್ದಿತು, ವೈಫೈ ಸಮೇತ.

"ಇದನ್ನೇ ಕೊಡು," ಅಂದರು ಅಣ್ಣು ಕೋಟ್ಯಾನರು.

ಸಚಿನ ರಟ್ಟಿನ ಪೆಟ್ಟಿಗೆ ತರಲು ಹೋದಾಗ ದೇಜು ಶೆಟ್ಟರು ಪರದೆಗೆ ಬಾಗಿ ಕೇಳಿದರು. "ಮಗಾ, ಈ ಲಿನಕ್ಸಿನ ಮಾಲಕ ಯಾರು?"

"ಯಾರೂ ಇಲ್ಲ ಅಂಕಲ್. ಸಬ್ ಕಾ ಹೈ. ಹೇಗೆ ಮಾಡಿದ್ದು ಅಂತ ಯಾರು ಬೇಕಾದ್ರೂ ನೋಡ್ಬಹುದು, ತಗೊಂಡು ಹೋಗ್ಬಹುದು."

ಶೆಟ್ಟರ ಕೈ ತಾನಾಗಿ ಸೊಂಟದ ಬೀಗದ ಕೈಗೆ ಹೋಯಿತು. "ಒಳ್ಳೇದು," ಅಂದರು. "ಆದ್ರೆ ನಮ್ಮ ಲೈನಿಗೆ ಇದು ಬೇಡ."

ತಂದ ಶಾಲು ವಾಪಸ್ಸು ಒಯ್ಯುವುದು ಅಪಶಕುನವೆಂದು ಅದನ್ನು ಅಲ್ಲೇ ಕೋಟ್ಯಾನರಿಗೆ ಹೊದಿಸಲಾಯಿತು. ಹಾರ, ಶಾಲು, ಕಂಕುಳಲ್ಲಿ ಲ್ಯಾಪ್‌ಟಾಪ್ ಪೆಟ್ಟಿಗೆ. ಗಲ್ಲಾದ ಆಸೆ ಕಳೆದುಕೊಂಡ ಅಕ್ಷಯ ಫೋಟೋ ಹೊಡೆದು, 'ನಮ್ಮ ಭಾವ, ಲಿನಕ್ಸ್ ತಜ್ಞ ಶ್ರೀ ಅಣ್ಣು ಕೋಟ್ಯಾನ್ ಅವರಿಗೆ ಮಲಾಡಿನಲ್ಲಿ ಅದ್ದೂರಿ ಸನ್ಮಾನ' ಎಂದು ಬರೆದು ಊರಿನವರ ಸಂಘದ ವಾಟ್ಸಪ್ ಗುಂಪಿಗೆ ಹಾಕಿದ. ಸನ್ಮಾನ ಯಾಕೆ ಎಂದು ನಮ್ಮ ಸಂಘಗಳಲ್ಲಿ ಯಾರೂ ಕೇಳುವುದಿಲ್ಲ. ಅವರು ಮನೆ ಮುಟ್ಟುವಷ್ಟರಲ್ಲಿ ನಾನೂರು ಅಭಿನಂದನೆಗಳು ಬಂದಿದ್ದವು.

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಗಲ್ಲಾದ ಎದುರು ಏಳು ಜನ ತಂದೆ ತಾಯಂದಿರು ನಿಂತಿದ್ದರು. ಎಲ್ಲರ ಮನೆಯಲ್ಲೂ ಕಂಪ್ಯೂಟರ್ ಕಲಿಯುವ ಮಕ್ಕಳು, ಎಲ್ಲರದ್ದೂ ಒಂದೇ ಪ್ರಶ್ನೆ, ಯಾವ ಲ್ಯಾಪ್‌ಟಾಪ್ ತಗೊಳ್ಳಬೇಕು?

"ನನಗೆ ಗೊತ್ತಿಲ್ಲ," ಅಂದರು ಕೋಟ್ಯಾನರು. ಒಂದು ಸಲ ಬಾಯಿ ತೆರೆದ ಮೇಲೆ ಈ ಮಾತು ಅಷ್ಟೊಂದು ಕಷ್ಟದ್ದಲ್ಲವೆಂದು ಅವರಿಗೆ ಕಂಡಿತ್ತು. "ನಿಜವಾಗಿಯೂ ಗೊತ್ತಿಲ್ಲ ಮಾರ್ರೇ. ಪೆನ್‌ಡ್ರೈವ್ ಹಾಕಿ ಟ್ರಯಲ್ ಮಾಡಿ."

"ಎಂಥ ವಿನಯ," ಅಂದರು ಮುಂದಿದ್ದವರು. ಹಿಂದಿದ್ದವರ ಅಭಿಪ್ರಾಯ ಬೇರೆ ಇತ್ತು. ತನ್ನ ಮಗಳಿಗೆ ಮಾತ್ರ ಆರಿಸಿಕೊಟ್ಟು ನಮಗೆ ಗುಟ್ಟು ಬಿಡುವುದಿಲ್ಲ, ಸುಪ್ರಭಾತದ ಸಾಂಬಾರ್ ಪುಡಿಯ ಬುದ್ಧಿಯೇ ಇದು ಎಂದು ಅವರು ಗೊಣಗಿದರು. ಆದರೂ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಕೋಟ್ಯಾನರ ಗಮನ ಅವರ ಮೇಲಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಯಿಂದ ಅವರು ಚಿಲ್ಲರೆ ತಪ್ಪು ಕೊಡುತ್ತ, ಮೊಬೈಲನ್ನೇ ನೋಡುತ್ತ ಕೂತಿದ್ದರು.

ಹನ್ನೊಂದಕ್ಕೆ ಫೋನು ಬಂತು. ಎತ್ತಿದರೆ ಆ ಕಡೆಯಿಂದ ಪ್ರಣೀತಾ ಒಂದೇ ಉಸಿರಿನಲ್ಲಿ, ಕನ್ನಡವನ್ನು ಪೂರ್ತಿ ಮರೆತು, "ಪಪ್ಪಾ, ಬೂಟ್ ಹೋ ಗಯಾ, ರಿಪೋ ಕ್ಲೋನ್ ಹುವಾ, ಫಸ್ಟ್ ಬಿಲ್ಡ್ ಮೆ ಪಾಸ್! ಮೇಡಂ ನೇ ಡೆವ್ ಟೀಮ್ ಮೆ ಡೆಸ್ಕ್ ದೇ ದಿಯಾ!" ಎಂದು ಹೇಳಿ, ಯಾರೋ ಕರೆದರೆಂದು ಇಟ್ಟುಬಿಟ್ಟಳು.

ಕೋಟ್ಯಾನರು ಮೊಬೈಲನ್ನು ಕಿವಿಯಿಂದ ತೆಗೆಯಲಿಲ್ಲ. ಏಳು ಜನ ತಂದೆ ತಾಯಂದಿರು, ಕಿಂಡಿಯಿಂದ ಐತ, ಒಳಕೋಣೆಯ ಬಾಗಿಲಿನಿಂದ ದೇಜು ಶೆಟ್ಟರು, ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಎಂತ ಹೇಳಿದಳು ಅಣ್ಣು?" ಶೆಟ್ಟರು ಕೇಳಿದರು.

"ಗೊತ್ತಿಲ್ಲ ಶೆಟ್ರೇ," ಅಂದರು ಕೋಟ್ಯಾನರು, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ನಗ್ತಾ ಇದ್ದಳು."